ಉಸಿರಾಡಿದರೂ ಉಸಿರು ಸಾಲದ ರೋಗ

೧೯೬೭ನೆಯ ಇಸವಿಯಲ್ಲಿ ಅಮೆರಿಕದ ಡೆನ್ವರ್ ನಗರದ ನಾಲ್ವರು ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹನ್ನೆರಡು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಕೆಲವರು ತೀವ್ರವಾಗಿ ಗಾಯಗೊಂಡವರು, ಕೆಲವರು ಸೋಂಕಿಗೆ ತುತ್ತಾದವರು, ಒಬ್ಬರದು ಮೇದೋಜೀರಕದ ಉರಿಯೂತ. ಮೂಲ ಬೇರೆಬೇರೆಯಾದರೂ ಪಾಡು ಒಂದೇ: ಏದುಸಿರು, ನೀಲಿಗಟ್ಟಿದ ತುಟಿ, ಆಮ್ಲಜನಕವನ್ನು ಎಷ್ಟು ಕೊಟ್ಟರೂ ತೀರದ ದಾಹ. ಏಳು ಮಂದಿ ಉಳಿಯಲಿಲ್ಲ. ಎ.ಆರ್.ಡಿ.ಎಸ್. ಎಂದು ಮುಂದೆ ಹೆಸರಾದ ತೀವ್ರ ಶ್ವಾಸಸಂಕಟವು ವೈದ್ಯಲೋಕದ ಗಮನಕ್ಕೆ ಬಂದುದು ಹೀಗೆ.

ಶ್ವಾಸಕೋಶವೆಂಬುದು ಕೋಟ್ಯಂತರ ಪುಟ್ಟ ಗಾಳಿಚೀಲಗಳ ಗೊಂಚಲು. ನ್ಯುಮೋನಿಯಾ, ರಕ್ತಕ್ಕೇರಿದ ನಂಜು, ಭಾರಿ ಪೆಟ್ಟು ಇಂಥದೊಂದು ಆಘಾತದ ತರುವಾಯ ಆ ಚೀಲಗಳ ತೆಳುಪೊರೆ ಸೋರತೊಡಗುತ್ತದೆ. ಗಾಳಿ ತುಂಬಬೇಕಾದೆಡೆ ನೀರು ನಿಲ್ಲುತ್ತದೆ. ರೋಗವನ್ನು ಥಟ್ಟನೆ ತೋರಿಸಿಕೊಡುವ ಒಂದೇ ಪರೀಕ್ಷೆ ಯಾವುದೂ ಇಲ್ಲ. ತೊಡಕಿರುವುದೇ ಇಲ್ಲಿ.

ಆದುದರಿಂದ ೨೦೧೨ರ ಬರ್ಲಿನ್ ನಿರೂಪಣೆಯು ನಾಲ್ಕು ಸಂಗತಿಗಳನ್ನು ಕೂಡಿಸಿ ನೋಡಲು ಹೇಳಿತು. ಆಘಾತವಾದ ಒಂದು ವಾರದೊಳಗೆ ಉಸಿರಾಟ ಕೆಟ್ಟಿರಬೇಕು. ಎಕ್ಸ್-ರೇ ಚಿತ್ರದಲ್ಲಿ ಎದೆಯ ಎರಡೂ ಪಕ್ಕಗಳಿಗೆ ಬಿಳಿ ಮುಸುಕು ಕವಿದಿರಬೇಕು. ಹೃದಯದ ದೌರ್ಬಲ್ಯವೊಂದೇ ಅದಕ್ಕೆ ಕಾರಣವಾಗಿರಬಾರದು. ನಾಲ್ಕನೆಯದು ಶಾಲೆಯ ಹುಡುಗನೂ ಮಾಡಬಲ್ಲ ಒಂದು ಭಾಗಾಕಾರ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡವೆಷ್ಟೆಂದು ಅಳೆದು, ರೋಗಿ ಸೇವಿಸುತ್ತಿರುವ ಗಾಳಿಯಲ್ಲಿ ಆಮ್ಲಜನಕದ ಪಾಲಿನಿಂದ ಅದನ್ನು ಭಾಗಿಸಬೇಕು. ಆರೋಗ್ಯವಂತನು ಸೇವಿಸುವ ಗಾಳಿಯಲ್ಲಿ ಆಮ್ಲಜನಕ ಶೇಕಡ ೨೧. ಅವನ ರಕ್ತದಲ್ಲಿ ಅದರ ಒತ್ತಡ ಸುಮಾರು ೯೫ ಮಿಲಿಮೀಟರ್. ೯೫ನ್ನು ೦.೨೧ರಿಂದ ಭಾಗಿಸಿದರೆ ೪೫೦ರ ಆಸುಪಾಸು. ಶೇಕಡ ೬೦ರಷ್ಟು ಕೊಟ್ಟೂ ರಕ್ತಕ್ಕೆ ೭೨ ಮಾತ್ರ ದಕ್ಕಿದರೆ ಲಬ್ಧ ೧೨೦. ಶ್ವಾಸಯಂತ್ರದ ಆಸರೆಯಿದ್ದೂ ೩೦೦ನ್ನು ಮೀರದಿದ್ದರೆ ರೋಗವುಂಟು. ೧೦೦ಕ್ಕೆ ಇಳಿದರೆ ಸ್ಥಿತಿ ಘೋರ.

ಇಷ್ಟು ಸ್ಪಷ್ಟವಾದ ಲೆಕ್ಕವಿದ್ದೂ ರೋಗವು ಕಣ್ತಪ್ಪುತ್ತದೆ. ೫೦ ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವೈದ್ಯರು ಗುರುತಿಸಿದ್ದುದು ನೂರಕ್ಕೆ ಅರವತ್ತರಷ್ಟು ರೋಗಿಗಳನ್ನು ಮಾತ್ರ. ಗುರುತಿಸದಿದ್ದರೆ ನಷ್ಟವೇನೆಂದು ಕೇಳುವವರಿಗೆ ೨೦೦೦ದ ಒಂದು ಪ್ರಯೋಗವೇ ಉತ್ತರ: ಯಂತ್ರದಿಂದ ದೊಡ್ಡ ಉಸಿರುಗಳ ಬದಲು ಸಣ್ಣ ಉಸಿರುಗಳನ್ನು ಕೊಟ್ಟಷ್ಟರಿಂದಲೇ ಸಾವುಗಳು ಶೇಕಡ ೪೦ರಿಂದ ೩೧ಕ್ಕೆ ಇಳಿದವು.

ಮನೆಯವರಿಗೆ ಎಕ್ಸ್-ರೇ ಇಲ್ಲ, ಗಡಿಯಾರವಂತೂ ಉಂಟು. ವಿಶ್ರಾಂತಿಯಲ್ಲಿರುವ ವಯಸ್ಕನ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು. ಜ್ವರವೋ ಗಾಯವೋ ಆದ ವಾರದೊಳಗೆ ಅದು ಮೂವತ್ತರತ್ತ ಏರಿದರೆ, ಮಾತು ನಡುನಡುವೆ ತುಂಡಾದರೆ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಪಯುಕ್ತವೇ ಸರಿ. ಆದರೆ ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಅಂಥವರ ನಾಲಗೆಯ ಬಣ್ಣವನ್ನೂ ನೋಡುವುದು ಲೇಸು.

೨೦೨೩ರ ಪರಿಷ್ಕೃತ ನಿರೂಪಣೆಯು ಆಕ್ಸಿಮೀಟರಿನ ಅಂಕಿಯನ್ನೂ ಎದೆಯ ಅಲ್ಟ್ರಾಸೌಂಡ್ ಚಿತ್ರವನ್ನೂ ಒಪ್ಪಿಕೊಂಡಿತು. ಸೌಕರ್ಯ ಕಡಿಮೆಯಿರುವೆಡೆ ಶ್ವಾಸಯಂತ್ರವಿರಲೇಬೇಕೆಂಬ ಷರತ್ತನ್ನೂ ಸಡಿಲಿಸಿತು. ಸಣ್ಣ ಊರಿನ ಆಸ್ಪತ್ರೆಯಲ್ಲಿಯೂ ಈ ರೋಗಕ್ಕೆ ಹೆಸರಿಡುವುದು ಸಾಧ್ಯವಾದುದು ಅಂದಿನಿಂದ.