ಸೇವೆಗೆಂದು ಹೋದೆವು, ಸ್ನೇಹ ಪಡೆದು ಬಂದೆವು

ಪರದೇಶದಲ್ಲಿ ಸ್ವಯಂಸೇವಕರಾಗಿ ಎರಡು ಮೂರು ವರ್ಷ ದುಡಿದು ಬರಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಆಗಾಗ ನಮ್ಮ ಮನೆಗೆ ಬರುವುದುಂಟು. ಅಲ್ಲಿಯ ಹವೆ ಹೇಗೆ, ಊಟ ನಮಗೆ ಒಗ್ಗುವುದೇ, ಮಲೇರಿಯಾದ ಕಾಟವೆಷ್ಟು ಎಂದು ಅವರು ವಿಚಾರಿಸುತ್ತಾರೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ ಅಲ್ಲಿಯ ಜನರಿಗೆ ನಾವು ಒಗ್ಗುವೆವೇ ಎಂದು ಕೇಳಿದವರು ವಿರಳ. ಕೇಳದ ಆ ಪ್ರಶ್ನೆಗೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇವೆ.

1995ರ ಜನವರಿಯಲ್ಲಿ ನಾವು ದಂಪತಿಗಳು ಹಾಸನದಿಂದ ಟಾಂಜಾನಿಯಾದ ಮ್ವಾಂಜಾ ಪಟ್ಟಣಕ್ಕೆ ಹೋದೆವು. ಆಫ್ರಿಕಾದ ಅತಿ ದೊಡ್ಡ ಸರೋವರವಾದ ವಿಕ್ಟೋರಿಯಾದ ದಕ್ಷಿಣ ತೀರದಲ್ಲಿರುವ ಊರದು. ಎತ್ತ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂತಹ ಹೆಬ್ಬಂಡೆಗಳು. ನಮ್ಮಲ್ಲಿ ಒಬ್ಬರಿಗೆ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವ ಕೆಲಸ, ಇನ್ನೊಬ್ಬರಿಗೆ ಅದರ ಪಕ್ಕದ ಔಷಧಾಲಯದಲ್ಲಿ ದಾದಿಯ ಕೆಲಸ. ಆ ರಾಷ್ಟ್ರವನ್ನು ಕಟ್ಟಿದ ಜೂಲಿಯಸ್ ನ್ಯೆರೆರೆಯವರು ಮೂಲತಃ ಉಪಾಧ್ಯಾಯರು. ಇಡೀ ದೇಶ ಅವರನ್ನು 'ಮ್ವಾಲಿಮು', ಅಂದರೆ ಗುರುಗಳೆಂದೇ ಕರೆಯುತ್ತಿತ್ತು. ಅದೇ ಹೆಸರಿನಿಂದ ಹಾದಿಹೋಕರೂ ನಮ್ಮನ್ನು ಗೌರವಿಸಿದಾಗ ನಮಗೆ ಕೊಂಚ ಬಿಂಕವೂ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ನಾವು ಕೊಡಲು ಬಂದವರು, ಅವರು ಪಡೆಯುವವರು ಎಂಬ ಭಾವನೆ ಒಳಗೆಲ್ಲೋ ಮನೆ ಮಾಡಿತ್ತು.

ನೆರೆಮನೆಯವರು ಅದೇ ಶಾಲೆಯ ಗಣಿತದ ಅಧ್ಯಾಪಕರು. ಸರೋವರದ ಪಶ್ಚಿಮ ತೀರದ ಬುಕೋಬಾ ಕಡೆಯವರು. ನಾವು ಬಂದ ಎರಡನೆಯ ವಾರವೇ ಅವರು ನಮ್ಮನ್ನು ಭಾನುವಾರ 'ಎಂಟು ಗಂಟೆಗೆ' ಊಟಕ್ಕೆ ಕರೆದರು. ಬೆಳಿಗ್ಗೆ ಎಂಟಕ್ಕೆ ಎಂಥ ಊಟವೆಂದು ಅಚ್ಚರಿಪಡುತ್ತಲೇ ನಾವು ಹೋಗಿ ನಿಂತಾಗ ಆ ಮನೆಯ ತಾಯಿ ಇನ್ನೂ ಅಂಗಳ ಗುಡಿಸುತ್ತಿದ್ದರು. ಸ್ವಾಹಿಲಿ ಭಾಷೆಯವರು ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ಮಧ್ಯಾಹ್ನದ ಎರಡು ಅವರಿಗೆ ಎಂಟು. ನಮ್ಮ ಹಿರಿಯರು ಘಳಿಗೆಗಳನ್ನು ಸೂರ್ಯೋದಯದಿಂದಲೇ ಲೆಕ್ಕ ಹಾಕುತ್ತಿದ್ದುದು ಆಗ ನೆನಪಾಯಿತು. ಅವರು ನಕ್ಕರು, ನಾವೂ ನಕ್ಕೆವು. ಸ್ನೇಹ ಆರಂಭವಾದದ್ದು ಆ ನಗುವಿನಿಂದ.

ಆ ಮಧ್ಯಾಹ್ನ ತಟ್ಟೆಗೆ ಬಂದ 'ಉಗಾಲಿ'ಯನ್ನು ಕಂಡು ನಮಗೆ ಮುದ್ದೆಯ ನೆನಪಾಗಿ ಕಣ್ಣು ತುಂಬಿತು. ಅದು ಜೋಳದ ಹಿಟ್ಟಿನದು. ಆದರೆ ರಾಗಿಯೂ ಅಲ್ಲಿಯದೇ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡುಗಳು. 'ಉಲೇಜಿ' ಎಂಬ ಹೆಸರಿನಿಂದ ಅದರ ಗಂಜಿಯನ್ನು ಮಕ್ಕಳಿಗೆ ಕುಡಿಸುತ್ತಾರೆ. ನಾವು ಮುದ್ದೆಯನ್ನು ಅಗಿಯದೆ ನುಂಗುವಂತೆ ಉಗಾಲಿಯನ್ನೂ ನುಂಗತೊಡಗಿದಾಗ ಗೆಳೆಯರ ಮಕ್ಕಳು ಗಾಬರಿಯಾದರು. ತುತ್ತನ್ನು ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿಯೊತ್ತಿ, ಅದರಲ್ಲಿ ಪಲ್ಯವನ್ನೆತ್ತಿ ಅಗಿದು ತಿನ್ನುವುದನ್ನು ಅವರೇ ಕಲಿಸಿದರು.

ಎಲ್ಲವೂ ಇಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಮನೆ, ಮಕ್ಕಳು, ಕೆಲಸ ಎಲ್ಲದರ ಕ್ಷೇಮವನ್ನು ಒಂದೊಂದಾಗಿ ವಿಚಾರಿಸದೆ ಯಾರೂ ವಿಷಯಕ್ಕೆ ಬರುವುದಿಲ್ಲ. ಹಿರಿಯರನ್ನು ಕಂಡರೆ 'ಶಿಕಾಮೋ' ಎನ್ನದೆ ಮುಂದೆ ಸಾಗುವಂತಿಲ್ಲ. ಇದೆಲ್ಲ ಸಮಯದ ಅಪವ್ಯಯವೆಂದು ನಾವು ಎಣಿಸುತ್ತಿದ್ದೆವು. ಎಡವಿದವನಿಗೂ, ದಣಿದವನಿಗೂ, ಜ್ವರದವನಿಗೂ 'ಪೋಲೆ' ಎನ್ನುವುದು ಅಲ್ಲಿಯ ವಾಡಿಕೆ. ನಿಮ್ಮ ಕಷ್ಟ ನಮಗೂ ತಿಳಿದಿದೆ ಎಂಬುದು ಅದರ ಹುರುಳು. ಆ ಪದವನ್ನು ಮೊದಲ ವಾರದಲ್ಲೇ ಕಲಿತಿದ್ದೆವು. ಅದರ ಬೆಲೆಯನ್ನು ಮಾತ್ರ ಕಲಿತಿರಲಿಲ್ಲ.

1996ರ ಮೇ 21ರಂದು ಬುಕೋಬಾದಿಂದ ಮ್ವಾಂಜಾಕ್ಕೆ ಬರುತ್ತಿದ್ದ 'ಎಂ.ವಿ. ಬುಕೋಬಾ' ಹಡಗು ಊರಿನ ಸಮೀಪದಲ್ಲೇ ಮಗುಚಿತು. ತಾಳಲಾರದಷ್ಟು ಜನ ಅದರಲ್ಲಿದ್ದರು. ಸತ್ತವರು ಎಂಟುನೂರಕ್ಕೂ ಹೆಚ್ಚು. ದೇಶವೇ ಶೋಕದಲ್ಲಿ ಮುಳುಗಿತು. ಗೆಳೆಯರ ಸ್ವಂತ ತಮ್ಮ ಆ ಹಡಗಿನಲ್ಲಿದ್ದರು.

ನೆರೆಮನೆಯ ಅಂಗಳದಲ್ಲಿ ಚಾಪೆಗಳು ಹಾಸಿದವು. ಹೆಂಗಸರು ಒಳಗೆ, ಗಂಡಸರು ಹೊರಗೆ ಬೆಂಕಿಯ ಸುತ್ತ, ಹಗಲಿರುಳು ಕುಳಿತರು. ನಾವು ಹೋಗಲಿಲ್ಲ. ಒಂದು ಲಕೋಟೆಯಲ್ಲಿ ಹಣವಿಟ್ಟು ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಕಳುಹಿಸಿದೆವು. ಸಾವಿನ ಮನೆಗೆ ಹಣ ನೀಡುವುದು ಅಲ್ಲಿಯ ಪದ್ಧತಿಯೇ ಆಗಿದ್ದುದರಿಂದ ನಮ್ಮ ಪಾಲು ಸಂದಿತೆಂದು ಸಮಾಧಾನಪಟ್ಟೆವು. ಪರೀಕ್ಷೆ ಸಮೀಪಿಸಿತ್ತು, ಶವ ಇನ್ನೂ ಸಿಕ್ಕಿರಲಿಲ್ಲ, ಅವರ ಭಾಷೆಯಲ್ಲಿ ಸಾಂತ್ವನ ಹೇಳುವಷ್ಟು ಮಾತು ನಮಗೆ ಬಾರದು. ಇಂತಹ ಕಾರಣಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ನಮ್ಮೂರಿನಲ್ಲಾಗಿದ್ದರೆ ಹೀಗೆ ಮಾಡುತ್ತಿದ್ದೆವೇ? ಖಂಡಿತ ಇಲ್ಲ. ಸಾವಿನ ಮನೆಗೆ ಮೊದಲು ಓಡುವುದೇ ನಮ್ಮ ಸಂಪ್ರದಾಯ. ಹೊರನಾಡಿನಲ್ಲಿ ನಾವು ಅತಿಥಿಗಳು, ಸೇವೆಗೆ ಬಂದವರು ಎಂಬ ನೆಪದಲ್ಲಿ ಅದನ್ನು ಮರೆತಿದ್ದೆವು.

ಗೆಳೆಯರು ಶಾಲೆಗೆ ಹಿಂದಿರುಗಿದ ಮೇಲೆ ನಮ್ಮೊಡನೆ ಸೌಜನ್ಯದಿಂದಲೇ ಮಾತನಾಡಿದರು. ಆದರೆ ಸಂಜೆಯ ಹೊತ್ತು ನಮ್ಮ ಬಾಗಿಲಲ್ಲಿ 'ಹೋಡಿ' ಎಂದು ಕೂಗುವುದನ್ನು ನಿಲ್ಲಿಸಿದರು.

ಮರುವರ್ಷದ ಫೆಬ್ರವರಿಯಲ್ಲಿ ಹಾಸನದಲ್ಲಿ ನಮ್ಮ ತಂದೆಯವರು ತೀರಿಕೊಂಡ ಸುದ್ದಿ ದೂರವಾಣಿಯಲ್ಲಿ ಬಂತು. ಹೊರಟು ಊರು ಸೇರುವಷ್ಟರಲ್ಲಿ ಮಣ್ಣು ಮುಗಿದಿರುತ್ತಿತ್ತು. ಏನು ಮಾಡಬೇಕೆಂದು ತೋಚದೆ ಬಾಗಿಲು ಮುಚ್ಚಿ ಕುಳಿತಿದ್ದೆವು. ಕತ್ತಲಾಗುವ ಮುನ್ನ 'ಹೋಡಿ' ಎಂಬ ದನಿ ಕೇಳಿಸಿತು. ಹೊರಗೆ ಗೆಳೆಯರು ಕಂಕುಳಲ್ಲಿ ಚಾಪೆ ಸುತ್ತಿಕೊಂಡು ನಿಂತಿದ್ದರು. ಅವರ ಹಿಂದೆ ಪಾತ್ರೆ, ಸೌದೆ, ಹಿಟ್ಟು ಹೊತ್ತ ಹೆಂಗಸರು. ಯಾರೂ ಹೆಚ್ಚು ಮಾತನಾಡಲಿಲ್ಲ. ಒಬ್ಬೊಬ್ಬರೂ ನಮ್ಮ ಕೈಹಿಡಿದು 'ಪೋಲೆ' ಎಂದು ಹೇಳಿ ಕುಳಿತರು. ಅಷ್ಟೇ ಸಾಕಾಗಿತ್ತು. ಒಂಬತ್ತು ತಿಂಗಳ ಹಿಂದೆ ನಾವು ಹೇಳಬೇಕಾಗಿದ್ದುದೂ ಅದೊಂದೇ ಪದವನ್ನು. ಗೆಳೆಯರು ಮೂರು ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿದರು.

ಮೂರನೆಯ ರಾತ್ರಿ ನಾವು ಅವರ ಕ್ಷಮೆ ಬೇಡಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಲಕೋಟೆ ತಲುಪಿತ್ತು ಮ್ವಾಲಿಮು, ಆದರೆ ನಿಮ್ಮನ್ನು ಕಾಯುತ್ತಿದ್ದೆ" ಎಂದರು. ನೋವಾಗಲಿಲ್ಲ ಎಂದು ಸುಳ್ಳು ಹೇಳಲಿಲ್ಲ. ನಮ್ಮ ಸ್ನೇಹ ಗಟ್ಟಿಯಾದುದು ಅವರ ಆ ಪ್ರಾಮಾಣಿಕತೆಯಿಂದಲೇ ಎಂದು ನಾವು ಭಾವಿಸುತ್ತೇವೆ.

1997ರ ಕೊನೆಯಲ್ಲಿ ನಾವು ಹಿಂದಿರುಗಿದೆವು. ನಾವು ಕಲಿಸಿದ ವಿಜ್ಞಾನವನ್ನು ನಮಗಿಂತ ಚೆನ್ನಾಗಿ ಕಲಿಸುವವರು ಇಂದು ಅಲ್ಲಿಯವರೇ ಇದ್ದಾರೆ. ಹೊರಡಲಿರುವ ತರುಣ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ಸೂಟ್‌ಕೇಸಿನಲ್ಲಿ ಔಷಧಿಯಿರಲಿ, ಸೊಳ್ಳೆಪರದೆಯಿರಲಿ, ಕೊಡುವವರು ನಾವೇ ಎಂಬ ಭಾವವನ್ನು ಮಾತ್ರ ಮನೆಯಲ್ಲೇ ಬಿಟ್ಟುಹೋಗಿ. ಭಾಷೆ ಪೂರ್ತಿ ಬರುವ ತನಕ ಕಾಯಬೇಡಿ, ನೆರೆಮನೆಗೆ ಹೋಗಿ ಕುಳಿತುಕೊಳ್ಳಿ.

ನಿವೃತ್ತರಾಗಿರುವ ಆ ಗೆಳೆಯರಿಗೆ ಪ್ರತಿ ವರ್ಷ ಮೇ 21ರಂದು ನಾವು ದೂರವಾಣಿ ಮಾಡುತ್ತೇವೆ. ಮೊದಲು ಮನೆ, ಮಕ್ಕಳು, ಮೊಮ್ಮಕ್ಕಳು, ಮಳೆ ಎಲ್ಲವನ್ನೂ ಸಾವಕಾಶವಾಗಿ ವಿಚಾರಿಸುತ್ತೇವೆ. ಕೊನೆಯಲ್ಲಿ, ಒಮ್ಮೆ ಹೇಳದೆ ಉಳಿಸಿಕೊಂಡಿದ್ದ ಆ ಒಂದು ಪದವನ್ನು ಹೇಳುತ್ತೇವೆ.