ಪರವಾನಗಿ ಬೇಡವೆಂದರೆ ನಿಯಮವೂ ಬೇಡವೇ?

ಹಾಲೆಂಡಿನ ಕಾಲುವೆಗಳಲ್ಲಿ ಬಾಡಿಗೆಯ ದೋಣಿಯೊಂದನ್ನು ಹಿಡಿದು ರಜೆಯ ದಿನಗಳನ್ನು ಕಳೆಯಬಯಸುವವರಲ್ಲಿ, ಬಾಯಿಂದ ಬಾಯಿಗೆ ದಾಟುತ್ತ ಈಗ ಶಾಸ್ತ್ರವಾಕ್ಯದ ಪದವಿಯನ್ನೇ ಪಡೆದಿರುವ ನಂಬಿಕೆಯೊಂದುಂಟು: ಅಲ್ಲಿ ದೋಣಿ ನಡೆಸಲು ಪರವಾನಗಿ ಬೇಡ, ಆದುದರಿಂದ ಕಲಿಯಬೇಕಾದುದೂ ಏನಿಲ್ಲ. ಪೂರ್ವಾರ್ಧವೇನೋ ನಿಜ. 15 ಮೀಟರಿಗಿಂತ ಉದ್ದವಲ್ಲದ, ಗಂಟೆಗೆ 20 ಕಿಲೋಮೀಟರನ್ನು ಮೀರಿ ಓಡಲಾರದ ವಿಹಾರದೋಣಿಗೆ ಆ ದೇಶದ ಕಾನೂನು ಪರವಾನಗಿಯನ್ನು ಕೇಳದು. ಆದರೆ ಅದೇ ಕಾನೂನು ಒಳನಾಡಿನ ಜಲಸಂಚಾರದ ನಿಯಮಗಳನ್ನು ಚುಕ್ಕಾಣಿ ಹಿಡಿದ ಪ್ರತಿಯೊಬ್ಬನಿಗೂ ವಿಧಿಸಿದೆಯೆಂಬುದನ್ನೂ, ಅವನ ರಕ್ತದಲ್ಲಿನ ಮದ್ಯಕ್ಕೆ ಸಾವಿರಕ್ಕೆ 0.5ರ ಮಿತಿಯನ್ನು ಇಟ್ಟಿದೆಯೆಂಬುದನ್ನೂ ಈ ಮಾತನ್ನು ಹಬ್ಬಿಸುವವರು ಹೇಳುವುದೇ ಇಲ್ಲ.

ಈ ಉದಾಸೀನದ ಅಪಾಯ ಪ್ರತ್ಯಕ್ಷವಾಗುವುದು ಸರಕುನಾವೆ ಎದುರಾದಾಗ. 1952ರಲ್ಲಿ ತೆರೆದ, 72 ಕಿಲೋಮೀಟರ್ ಉದ್ದದ ಆಮ್‌ಸ್ಟರ್‌ಡಾಮ್–ರೈನ್ ಕಾಲುವೆಯಲ್ಲಿ 110 ಮೀಟರ್ ಉದ್ದದ ನಾವೆಗಳು ಹಗಲಿರುಳೆನ್ನದೆ ಸಾಗುತ್ತವೆ. ಅಂಥ ಮಹಾನಾವೆ ನಮ್ಮ ಪುಟ್ಟ ದೋಣಿಯನ್ನು ಕಂಡು ತಾನೇ ಸರಿದುಕೊಳ್ಳುವುದೆಂಬ ಭರವಸೆಯಿಂದ ನಡುನೀರಿನಲ್ಲಿ ಸಾಗುವವರನ್ನು ನೆನೆದರೆ ವ್ಯಥೆಯಾಗುತ್ತದೆ. 20 ಮೀಟರಿಗಿಂತ ಚಿಕ್ಕದಾದ ದೋಣಿಯೇ ಸಾಮಾನ್ಯವಾಗಿ ದೊಡ್ಡದಕ್ಕೆ ದಾರಿ ಬಿಡತಕ್ಕದ್ದು. ಚಾಲಕನ ಕೋಣೆ ನಾವೆಯ ಹಿಂತುದಿಯಲ್ಲಿರುವುದರಿಂದಲೂ, ಮುಂದೆ ಪೇರಿಸಿದ ಕಂಟೇನರುಗಳಾಗಲಿ ಬರಿದಾದ ನಾವೆಯ ಮೇಲೆದ್ದ ಮುಂಭಾಗವಾಗಲಿ ದೃಷ್ಟಿಯನ್ನು ತಡೆಯುವುದರಿಂದಲೂ, ಮುಂಗಡೆಯ 350 ಮೀಟರಿನವರೆಗಿನ ನೀರು ಅವನಿಗೆ ಕಾಣದೆಯೇ ಇರಬಹುದು. ಕಂಡರೂ ಅಷ್ಟು ಭಾರ ಥಟ್ಟನೆ ನಿಲ್ಲಲಾರದು. ಆ ಕೋಣೆಯ ಕಿಟಕಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲವೆಂದೇ ತಿಳಿಯಿರಿ. ಕಾಲುವೆಯ ಬಲಬದಿಯನ್ನು ಬಿಡಬೇಡಿ. ದಿಕ್ಕು ಬದಲಿಸುವುದಾದರೆ ಸಾಕಷ್ಟು ಮೊದಲೇ, ನೋಡುವವನಿಗೆ ಸಂಶಯ ಉಳಿಯದಂತೆ ಬದಲಿಸಿ. ನಾವೆಯ ಮಗ್ಗುಲಿಗೆ ಹತ್ತಿ ಸಾಗಬೇಡಿ, ಅದರ ಒಡಲು ತಳ್ಳಿದ ನೀರಿನ ಸೆಳೆತ ದೋಣಿಯನ್ನು ಅದರೆಡೆಗೇ ಎಳೆಯುತ್ತದೆ. ಎದುರಿನ ನಾವೆ ನೀಲಿಯ ಫಲಕವನ್ನು ತೋರಿ ಬಿಳಿಯ ದೀಪವನ್ನು ಮಿನುಗಿಸಿದರೆ, ಪರಸ್ಪರ ಬಲಮಗ್ಗುಲುಗಳು ಎದುರಾಗುವಂತೆ ಹಾಯಲು ಅದು ಬಯಸಿದೆಯೆಂದು ಅರ್ಥ.

ಆಳವಿಲ್ಲದ ಐಸೆಲ್‌ಮೇರ್ ಸರೋವರ ನಿರಪಾಯವೆಂಬುದೂ ಸುಳ್ಳು; ಆಳ ಕಡಮೆಯಾದುದರಿಂದಲೇ ಗಾಳಿಗೆ ಅಲ್ಲಿ ಒತ್ತೊತ್ತಾದ ಕಡಿದಾದ ಅಲೆಗಳೇಳುತ್ತವೆ. ಸೇತುವೆಯಲ್ಲಿ ಒಂದರ ಮೇಲೊಂದು ಎರಡು ಕೆಂಪು ದೀಪಗಳಿದ್ದರೆ ಅದು ಸದ್ಯ ತೆರೆಯುವಂತಿಲ್ಲ, ಕಾಯುವುದು ವ್ಯರ್ಥ. ಶೌಚದ ನೀರನ್ನು ಕಾಲುವೆಗೆ ಬಿಡುವುದು 2009ರಿಂದ ನಿಷಿದ್ಧ.

ಈ ದೇಶದ ವಿಷಯದಲ್ಲಿ ಜಗತ್ತು ಕೇಳಿದ್ದನ್ನೆಲ್ಲ ನಂಬಿಬಿಡುವುದು ಹೊಸತಲ್ಲ. ಒಡ್ಡಿನ ರಂಧ್ರಕ್ಕೆ ಬೆರಳಿಟ್ಟು ನಾಡನ್ನುಳಿಸಿದ ಬಾಲಕನ ಕಥೆಯನ್ನು ಲೋಕದಲ್ಲಿ ಪ್ರಸಿದ್ಧಗೊಳಿಸಿದುದು 1865ರಲ್ಲಿ ಬಂದ ಅಮೆರಿಕನ್ ಲೇಖಕಿ ಮೇರಿ ಮೇಪ್ಸ್ ಡಾಡ್ಜ್ ಅವರ ಕಾದಂಬರಿ. ಇಂದಿಗೂ ಅದನ್ನು ಇತಿಹಾಸವೆಂದು ಭಾವಿಸುವವರುಂಟು. ಹವಾಮಾನವನ್ನು ಕುರಿತ ಅಂತರರಾಷ್ಟ್ರೀಯ ಸಮಿತಿಯ 2007ರ ವರದಿಯೇ ಆ ನಾಡಿನ 55 ಪ್ರತಿಶತ ಸಮುದ್ರಮಟ್ಟದ ಕೆಳಗಿದೆಯೆಂದು ಬರೆದು, 26 ಪ್ರತಿಶತ ಮಾತ್ರವೆಂದು ಬಳಿಕ ತಿದ್ದಬೇಕಾಯಿತು. ವಿದ್ವಾಂಸರಿಗೇ ಹೀಗಾಗುವಾಗ, ಜಾಹೀರಾತಿನ ಒಂದು ಸಾಲನ್ನು ಓದಿ ಕುಟುಂಬಸಮೇತ ದೋಣಿಯೇರುವವನು ತಾನಾಗಿ ವಿಚಾರಿಸಿಕೊಳ್ಳುವುದು ಎಷ್ಟೋ ಅಗತ್ಯ. ದೋಣಿಯನ್ನು ಒಪ್ಪಿಸಿಕೊಳ್ಳುವ ಮುನ್ನ ಕಟ್ಟೆಯ ಬಳಿಯೇ ಅದನ್ನು ನಿಲ್ಲಿಸುವುದನ್ನೂ ಹಿಂದಕ್ಕೆ ನಡೆಸುವುದನ್ನೂ ಅಭ್ಯಾಸಮಾಡಿ, ದೀಪಗಳ ಅರ್ಥವನ್ನು ಕೇಳಿ ತಿಳಿದು, ಮಕ್ಕಳಿಗೆ ಜೀವರಕ್ಷಕ ಅಂಗಿಯನ್ನು ತೊಡಿಸಿದ ಮೇಲೆಯೇ ಹಗ್ಗವನ್ನು ಬಿಚ್ಚಬೇಕು.