ಕಬ್ಬಿನ ಹೊಲಕ್ಕೆ ಹೊರಟ ಒಂದೇ ಫೈಲು

ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರನ್ನು ರಾಯಬಾಗದ ಕಡೆ ನೋಡಿದ್ದೀರಾ? ಎತ್ತಿಗೆ ಮೇವು, ಒಲೆಗೆ ಕಟ್ಟಿಗೆ, ಜೋಳದ ಹಿಟ್ಟು, ಹಾಸಿಗೆ ಎಲ್ಲವೂ ಚಕ್ಕಡಿಯಲ್ಲೇ ಇರುತ್ತವೆ. ದಾರಿಯಲ್ಲಿ ಅಂಗಡಿ ತೆರೆದಿರಲಿ, ಬಿಡಲಿ, ರಾತ್ರಿಯ ರೊಟ್ಟಿಗೆ ಚಿಂತೆಯಿಲ್ಲ.

ಜಾಲತಾಣಗಳ ಪ್ರಯಾಣ ಹೀಗಲ್ಲ. ಅವು ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತು ಒಂದೊಂದೇ ಸಾಮಾನು ತರಿಸುತ್ತವೆ. ಮೊದಲು ಬರುವುದು ಎಚ್‌ಟಿಎಂಎಲ್ ಎಂಬ ಬರಹ. ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ಎಲ್ಲಿದೆ, ಲೆಕ್ಕ ಮಾಡುವ ಜಾವಾಸ್ಕ್ರಿಪ್ಟ್ ಎಲ್ಲಿದೆ, ಚಿತ್ರ ಎಲ್ಲಿ, ಫಾಂಟ್ ಎಲ್ಲಿ ಎಂಬ ವಿಳಾಸಗಳಷ್ಟೇ ಅದರಲ್ಲಿರುತ್ತವೆ. ಬ್ರೌಸರ್ ಆ ವಿಳಾಸಗಳಿಗೆ ಓಡಾಡಿ ಎಲ್ಲವನ್ನೂ ತರಬೇಕು. ನೆಟ್‌ವರ್ಕ್ ಹೋದರೆ ಓಡಾಟವೂ ನಿಂತಿತು.

ಈಗ ಕಬ್ಬಿನ ಬಿಲ್ಲಿನ ಲೆಕ್ಕ ತೆಗೆದುಕೊಳ್ಳಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಸಕ್ಕರೆ ಇಳುವರಿ ಶೇ. 10.25 ಇದ್ದರೆ, ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ. 0.1 ಏರಿದಂತೆಲ್ಲ 3.46 ರೂಪಾಯಿ ಕೂಡುತ್ತದೆ. ಶೇ. 11.25 ಬಂದರೆ ಟನ್ನಿಗೆ 3,896 ರೂಪಾಯಿ. ಅದರಲ್ಲಿ ಕಟಾವು, ಸಾಗಣೆ ಕಳೆಯಬೇಕು. ಅಥಣಿ, ಕಾಗವಾಡದ ಹೊಲದಲ್ಲಿ ನಿಂತ ರೈತ ಟನ್ನು, ಇಳುವರಿ ಹಾಕಿ ಒತ್ತಿದರೆ ಉತ್ತರ ಬರುವಂಥ ಪುಟ್ಟ ಪುಟ ಬರೆಯುವುದು ಕಷ್ಟವಲ್ಲ. ಅದು ಅವನ ಕೈ ತಲುಪಿ ಅಲ್ಲೇ ತೆರೆದುಕೊಳ್ಳುವುದೇ ಕಷ್ಟ.

ಪುಟದ ಬಿಡಿಬಿಡಿ ಫೈಲುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಪ್ರಯೋಜನವಿಲ್ಲ. ಬಂದ ಫೈಲನ್ನು ಒತ್ತಿದಾಗ ಆಂಡ್ರಾಯ್ಡ್ ಆ ಒಂದನ್ನಷ್ಟೇ ಬ್ರೌಸರ್‌ನ ಕೈಗಿಡುತ್ತದೆ. ಪಕ್ಕದ ಫೈಲು ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಚಕ್ಕಡಿಯಲ್ಲಿ ಹೇರಿದಂತೆ ಎಲ್ಲವನ್ನೂ ಒಂದರೊಳಗೇ ತುಂಬಬೇಕು.

ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎರಡೂ ಬರಹವೇ ಆದ್ದರಿಂದ ಅವನ್ನು ಎಚ್‌ಟಿಎಂಎಲ್ ಒಳಗೆ ನೇರವಾಗಿ ಅಂಟಿಸಬಹುದು. ಚಿತ್ರ, ಫಾಂಟ್‌ಗಳು ಬರಹವಲ್ಲ, ಬೈಟ್‌ಗಳ ರಾಶಿ. ಅವನ್ನೂ ಬರಹದ ವೇಷದಲ್ಲಿ ಪುಟದೊಳಗೆ ಕೂರಿಸುವ ವಿಧಾನವನ್ನು 1998ರಲ್ಲಿ ಲ್ಯಾರಿ ಮ್ಯಾಸಿಂಟರ್ ‘ಡೇಟಾ’ ವಿಳಾಸ ಎಂಬ ಹೆಸರಿನಲ್ಲಿ ದಾಖಲಿಸಿದರು. ವಿಳಾಸ ಇರಬೇಕಾದ ಜಾಗದಲ್ಲಿ ವಸ್ತುವೇ ಇರುತ್ತದೆ. ವೇಷ ಹಾಕಿಸುವ ಕ್ರಮದ ಹೆಸರು ಬೇಸ್64: ಮೂರು ಬೈಟ್ ಕೊಟ್ಟರೆ ನಾಲ್ಕು ಇಂಗ್ಲಿಷ್ ಚಿಹ್ನೆ ವಾಪಸು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಸರಿಯಾಗಿ ಮೂರು ಬೈಟ್. ‘ಚಿಕ್ಕೋಡಿ’ಯಲ್ಲಿ ಕಾಗುಣಿತ, ಅರ್ಧಾಕ್ಷರದ ಗುರುತು ಸೇರಿ ಎಂಟು ಚಿಹ್ನೆ, 24 ಬೈಟ್, ಬೇಸ್64ಕ್ಕೆ ತಿರುಗಿಸಿದರೆ 32. ಮೂರರಲ್ಲಿ ಒಂದು ಪಾಲು ಹೆಚ್ಚುವರಿ ತೂಕ. ಚಿತ್ರ, ಫಾಂಟ್‌ಗೆ ಈ ದಂಡ ತೆರಲೇಬೇಕು; ಕನ್ನಡ ಬರಹವನ್ನು ಮಾತ್ರ ಇದ್ದ ಹಾಗೆ ಬಿಟ್ಟರೆ ಸಾಕು.

ಈ ಕೆಲಸಕ್ಕೆ ವೀಟ್, ಪಾರ್ಸೆಲ್, ಇಎಸ್‌ಬಿಲ್ಡ್‌ನಂಥ ಸಲಕರಣೆಗಳು ಧಾರಾಳವಾಗಿವೆ. ಹಳೆಯ ಮಾದರಿಯೂ ಇದೆ: ಜೆರೆಮಿ ರಸ್ಟನ್ 2004ರಲ್ಲಿ ಹೊರತಂದ ‘ಟಿಡ್ಲಿವಿಕಿ’ ಟಿಪ್ಪಣಿ ಪುಸ್ತಕ ಇಡಿಯಾಗಿ ಒಂದೇ ಎಚ್‌ಟಿಎಂಎಲ್ ಫೈಲು.

ಆದರೆ ಸಲಕರಣೆ ನೆಚ್ಚಿ ಕೂತರೆ ಎಡವುವ ಜಾಗಗಳಿವೆ. ಅಂಟಿಸಿದ ಜಾವಾಸ್ಕ್ರಿಪ್ಟಿನ ನಡುವೆ, ಉದ್ಧರಣೆ ಚಿಹ್ನೆಯ ಒಳಗಾದರೂ ಸರಿ, ‘ಸ್ಕ್ರಿಪ್ಟ್ ಮುಗಿಯಿತು’ ಎನ್ನುವ ಟ್ಯಾಗ್ ಸುಳಿದರೆ ಬ್ರೌಸರ್ ಅಲ್ಲಿಗೇ ಕೈಚೆಲ್ಲಿ, ಉಳಿದ ಕೋಡನ್ನು ಪರದೆಯ ಮೇಲೆ ಸುರಿಯುತ್ತದೆ. ಇನ್ನೊಂದು ನಮ್ಮ ಭಾಷೆಯವರನ್ನೇ ಹೆಚ್ಚು ಕಾಡುವಂಥದ್ದು. ಸರ್ವರ್‌ನಿಂದ ಬರುವ ಪುಟದ ಜೊತೆ ‘ಇದು ಯುಟಿಎಫ್-8’ ಎಂಬ ಚೀಟಿ ಬರಬಹುದು. ಕೈಯಿಂದ ಕೈಗೆ ಬಂದ ಫೈಲಿಗೆ ಚೀಟಿ ಕೊಡುವವರಿಲ್ಲ. ಅದನ್ನು ಪುಟದಲ್ಲೇ, ಮೊದಲ 1,024 ಬೈಟ್‌ಗಳ ಒಳಗೆ ಬರೆದಿರಬೇಕು. ದೊಡ್ಡ ಸಿಎಸ್‌ಎಸ್ ಮುಂದೆ ಅಂಟಿಸಿ ಈ ಸಾಲು ಹಿಂದಕ್ಕೆ ಸರಿದರೆ ಬ್ರೌಸರ್ ಊಹೆಗಿಳಿಯಬಹುದು. ಊಹೆ ತಪ್ಪಿದರೆ ಒಂದೊಂದು ಕನ್ನಡ ಚಿಹ್ನೆಯ ಜಾಗದಲ್ಲೂ ತಲೆಗೆ ಗೀಟೆಳೆದ ಇಂಗ್ಲಿಷ್ ‘ಎ’, ಅದರ ಹಿಂದೆ ಪುಟ್ಟ 2 ಅಥವಾ 3. ಅಂಥ ಕಲಸುಮೇಲೋಗರ ಕಂಡಾಗ ಫಾಂಟ್ ಇಲ್ಲವೆಂದು ದೂರುವವರೇ ಹೆಚ್ಚು. ತಪ್ಪು ಆ ಒಂದು ಸಾಲಿನದು.

ಫಾಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ: ಇಂದಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ತುಂಬಲೇಬೇಡಿ. ನಿಪ್ಪಾಣಿಯ ಓದುಗರಿಗಾಗಿ ಮರಾಠಿ ಸೇರಿಸಿದರೂ ಅಷ್ಟೇ. ತುಂಬಲೇಬೇಕಿದ್ದರೆ ಬೇಡದ ಅಕ್ಷರ ಕತ್ತರಿಸುವಾಗ ಒತ್ತಕ್ಷರಗಳ ಆಕಾರಗಳು ಕಸದ ಬುಟ್ಟಿ ಸೇರದಂತೆ ನೋಡಿಕೊಳ್ಳಿ. ಅವಕ್ಕೆ ಯೂನಿಕೋಡಿನಲ್ಲಿ ಸ್ವಂತ ಸಂಖ್ಯೆಯಿಲ್ಲ. ಫಾಂಟಿನೊಳಗಿನ ನಿಯಮಗಳಿಂದ ಮೂಡುತ್ತವೆ.

ಚಕ್ಕಡಿಯಲ್ಲಿ ಹೇರಲಾಗದ್ದೂ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಈ ಐದೂ ತಾಲ್ಲೂಕುಗಳು ನೀರು ಕಂಡವು. ಅಂಥ ದಿನಕ್ಕೆ ಸಹಾಯವಾಣಿ ಸಂಖ್ಯೆ, ಎತ್ತರದ ದಾರಿಗಳ ನಕ್ಷೆ ಇರುವ ಫೈಲು ಮೊದಲೇ ಫೋನಿನಲ್ಲಿದ್ದರೆ ಟವರ್ ಸತ್ತರೂ ತೆರೆಯುತ್ತದೆ. ಆದರೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇವತ್ತು ಎಷ್ಟು ಕ್ಯೂಸೆಕ್ ಬರುತ್ತಿದೆ, ಕಲ್ಲೋಳ-ಯಡೂರು ಸೇತುವೆ ಮುಳುಗಿತೇ ಎಂಬುದನ್ನು ಯಾವ ಫೈಲಿನಲ್ಲೂ ಕಟ್ಟಿಡಲಾಗದು. ಅದಕ್ಕೆ ನೆಟ್ಟೇ ಬೇಕು, ಇಲ್ಲವೇ ನದಿದಂಡೆಯವರಿಗೆ ಒಂದು ಫೋನ್ ಕರೆ.

ಗುರುತಿಲ್ಲದವರು ಕಳಿಸಿದ ಎಚ್‌ಟಿಎಂಎಲ್ ಫೈಲು ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಕೇಳಿತೋ, ಕೂಡಲೇ ಮುಚ್ಚಿ ಅಳಿಸಿ. ಒಳಗೆ ಓಡುವುದು ಪ್ರೋಗ್ರಾಮೇ.

ಇಂಥ ಫೈಲು ಮಾಡುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಸರ್ವರ್‌ನಲ್ಲಿರುವ ಪುಟವನ್ನು ಒಮ್ಮೆ ತಿದ್ದಿದರೆ ಎಲ್ಲರಿಗೂ ಹೊಸದೇ ಸಿಗುತ್ತದೆ. ಹಂಚಿದ ಫೈಲನ್ನು ಹಿಂದಕ್ಕೆ ಕರೆಸುವಂತಿಲ್ಲ, ಅದು ಗುಂಪಿನಿಂದ ಗುಂಪಿಗೆ ವರ್ಷಗಟ್ಟಲೆ ತಿರುಗುತ್ತದೆ. ಆದ್ದರಿಂದ ಫೈಲಿನ ಹೆಸರಲ್ಲೂ, ಪುಟದ ತಲೆಯಲ್ಲಿ ದಪ್ಪಕ್ಷರದಲ್ಲೂ ಹಂಗಾಮಿನ ವರ್ಷವನ್ನು ಬರೆಯಿರಿ. 2024-25ರಲ್ಲಿ ಅದೇ ಶೇ. 10.25 ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಇತ್ತು. ಆ ವರ್ಷದ ಫೈಲು ಹಿಡಿದವನು 2025-26ರ ಹಂಗಾಮಿನ ಅದೇ ಇಳುವರಿಯ ನೂರು ಟನ್ ಕಬ್ಬಿಗೆ 15,000 ರೂಪಾಯಿ ಕಡಿಮೆ ಲೆಕ್ಕ ಹಾಕಿಕೊಂಡು ಮನೆಗೆ ಹೋಗುತ್ತಾನೆ.